ವೈರ್ ಇಲ್ಲದ ಸ್ವಿಚ್ಚು, ವೈರಮನ್ನನ ಹೊಟ್ಟಿಕಿಚ್ಚು

ನಮ್ಮ ಧಂದೆದಾಗ ನಗೋವಂಥಾದ್ದನ್ನ ಹುಡಕ್ಕೊಂಡು ಹೋಗೋದು ಬ್ಯಾಡ. ಏಣಿ ಹೆಗಲ ಮ್ಯಾಲ ಇಟ್ಕೊಂಡು ಯಾರದರೆ ಮನಿ ಹೊಸ್ತಲಾ ದಾಟಿದ್ರ ಸಾಕು, ಏನರೆ ಒಂದು ಆಗೇ ಆಗ್ತದ. ಶಹಾಪುರದಾಗ ನಾ ವೈರಿಂಗ್ ಕೆಲಸಾ ಹಿಡದು ಇಪ್ಪತ್ತಾರು ವರ್ಷ ಆತು. ಎಲ್ಲಾ ಹೇಳಕೋತ ಕುಂತ್ರ ನಿಮ್ಮ ಚಹಾ ಆರ್ತದ, ಅದಕ್ಕ ಹೋದ ವರ್ಷಿಂದಷ್ಟ ಹೇಳ್ತೀನಿ. ಹೋದ ವರ್ಷ ಆಗಿದ್ದೆಲ್ಲಾ ನನ್ನ ಹೊಟ್ಟಿಕಿಚ್ಚಿನಿಂದನ ಆಗಿದ್ದು. ಅದನ್ನ ಮುಚ್ಚಿಟ್ಟು ಹೇಳಾಕ ಹೋದ್ರ ಮಜಾ ಬರಂಗಿಲ್ಲ, ಬಿಚ್ಚೇ ಹೇಳ್ತೀನಿ.

೧. ಗಾದಿ ಕೆಳಗಿನ ವೈರು

ನಮ್ಮ ಕಡಿ ಹೊಸಾ ಮನಿ ವಾಸ್ತು ಶಾಂತಿ ಮಾಡಿದಾಗ ಮನಿ ಕಟ್ಟಿದವರಿಗಿ ಆಯೇರಿ ಮಾಡ್ತಾರ. ಗೌಂಡಿ, ಬಡಿಗ್ಯಾ, ವೈರಮನ್, ಒಬ್ಬೊಬ್ಬರನ್ನ ಹೆಂಡ್ತಿ ಸಮೇತ ಮಣಿ ಮ್ಯಾಲ ಕುಂದ್ರಸಿ, ಕುಂಕುಮಾ ಹಚ್ಚಿ, ಗಂಡಗ ಧೋತರ ಟವಲ್, ಹೆಂಡ್ತಿಗಿ ಸೀರಿ ಕೊಟ್ಟು, ಬಂದ ಬೀಗರ ಮುಂದ ಇಂಥಾಂವ ಈ ಮನಿಗಿ ದುಡದಾನ ಅಂತ ಹೇಳ್ತಾರ. ಧೋತರ ನಾ ಉಡಂಗಿಲ್ಲ, ಟ್ರಂಕಿನ ತುಂಬ ಬಿದ್ದಾವ. ಆದ್ರ ಆ ಮಣಿ ಮ್ಯಾಲಿನ ಐದು ಮಿನಿಟು ಅದಾವಲ್ಲ, ವರ್ಷಗಟ್ಲೆ ಗ್ವಾಡಿ ಒಡದು ಮೂಗಿನಾಗ ಸಿಮಿಂಟ್ ತುಂಬಿಕೊಂಡಿದ್ದೆಲ್ಲಾ ಅಲ್ಲೇ ವಸೂಲ್ ಆಗ್ತದ.

ನಮ್ಮೂರಾಗ ತೊಗರಿ ಅಡತಿ ವ್ಯಾಪಾರ ಮಾಡೋ ಒಬ್ಬ ಸಾವ್ಕಾರ್ರು ಇದ್ದಾರ. ಅವರ ಹಳೀ ಮನಿ ವೈರಿಂಗ್ ನಂದ, ಅಡತಿ ಅಂಗಡೀದೂ ನಂದ. ಹೋದ ವರ್ಷ ಅವರು ಸುರಪುರ ರಸ್ತಾದಾಗ ಮೂರು ಅಂತಸ್ತಿನ ಮನಿ ಎಬ್ಬಿಸಿದ್ರು. ಆ ಮನಿ ಆಯೇರಿ ನಂದ ಅಂತ ನಾ ಪಾಯಾ ತಗದ ದಿನಾನ ಲೆಕ್ಕ ಹಾಕಿದ್ದೆ. ನನ್ನ ಹೆಂಡ್ತಿ ಅಂತೂ ಸಾವ್ಕಾರ್ರು ಹಸರು ಸೀರೀನ ಕೊಡ್ತಾರಂತ ತಿಳದು ಹಸರು ಜಂಪರ್ ಹೊಲಿಸಾಕ ಹಾಕಿದ್ದಳು.

ಅಷ್ಟರಾಗ ಬಸ್‌ಸ್ಟ್ಯಾಂಡಿನ ಬಾಜೂಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಾಂವ ನಡುವ ಬಂದ. ಮೂವತ್ತು ವರ್ಷದಾಂವ. ಇಂವನ ದೊಡ್ಡ ತಪ್ಪು ಅಂದ್ರ ಭಾಳ ಛಲೋ ಮನಷ್ಯಾ ಇದ್ದಾನ. ಕಂಡಲ್ಲೆಲ್ಲಾ "ಅಣ್ಣಾರ, ಚಹಾ ಕುಡೀರಿ" ಅಂತಾನ. ಬೈಬೇಕಂದ್ರ ಒಂದು ನೆವಾ ಸೈತ ಕೊಡಂಗಿಲ್ಲ. ಅಂಥಾವರ ಮ್ಯಾಲ ಹೊಟ್ಟಿಕಿಚ್ಚು ಪಡೋದು ಎಷ್ಟು ತ್ರಾಸಿನ ಕೆಲಸಾ ಅಂತ ಪಟ್ಟವರಿಗೇ ಗೊತ್ತು.

ಒಂದಿನ ನಾ ಸಾವ್ಕಾರ್ರ ಅಂಗಡ್ಯಾಗ ಇದ್ದಾಗನ ಇಂವಾ ಒಂದು ಬಿಳಿ ಸ್ವಿಚ್ಚು ಹಿಡ್ಕೊಂಡು ಬಂದ. ದೀಪದ ಹಂತ್ಯಾಕ ಬೆಂಕಿಪೆಟ್ಟಿಗಿಯಷ್ಟು ಒಂದು ಡಬ್ಬಿ ಕೂಡ್ರಸಿದ. ಆಮ್ಯಾಲ ರಸ್ತಾ ನಡುವ ಹೋಗಿ ನಿಂತು ಕೈಯಾಗಿನ ಸ್ವಿಚ್ಚು ಒತ್ತಿದ. ಅಂಗಡ್ಯಾಗಿನ ಟ್ಯೂಬ್‌ಲೈಟ್ ಹತ್ತಿತು. ಇನ್ನೊಮ್ಮಿ ಒತ್ತಿದ, ಬಂದ್ ಆತು. ಸ್ವಿಚ್ಚಿಗಿ ವೈರೂ ಇಲ್ಲ, ಸೆಲ್ಲೂ ಇಲ್ಲ, ಬಟ್ಟು ಒತ್ತಿದ ಜೋರಿಗೇ ಅದರೊಳಗ ಬೇಕಾದಷ್ಟು ಕರೆಂಟ್ ಹುಟ್ಟತದ, ಗ್ವಾಡಿ ಒಡಿಯೋದ ಬ್ಯಾಡ, ಗೋಂದಿನ ಪಟ್ಟಿ ಹಚ್ಚಿ ಎಲ್ಲಿ ಬೇಕಾದಲ್ಲಿ ಅಂಟಿಸಬೋದು ಅಂತ ಸಾವ್ಕಾರ್ರಿಗಿ ತಿಳಿಸಿ ಹೇಳಿದ.

ಹಮಾಲರು, ರೈತರು, ಎಲ್ಲಾರೂ ಬೆರಗಾಗಿ ನೋಡಾಕತ್ತಿದ್ರು. ನಾ ಒಬ್ಬಾಂವ ವೈರ್ ಹುಡಕಾಕತ್ತಿದ್ದೆ. ಇದರಾಗ ಏನೋ ಮೋಸ ಅದ ಅಂತ ನನಗ ಖಾತ್ರಿ ಇತ್ತು. ಗ್ವಾಡಿ ಸವರಿ ನೋಡ್ದೆ. ಕಪಾಟಿನ ಹಿಂದ ಕೈ ಹಾಕ್ದೆ. ತೊಗರಿ ಚೀಲ ಎರಡು ಸರಿಸಿದೆ. ಕಡಿಗಿ ಗಾದಿ ಚುಂಗು ಎತ್ತಾಕ ಹೋದೆ.

ಗಾದಿ ಮ್ಯಾಲ ಕುಂತಿದ್ದ ಸಾವ್ಕಾರ್ರು, "ಯಾಕ ಮೇಸ್ತ್ರಿ, ವೈರ್ ನನ್ನ ಕೆಳಗ ಅದ ಅಂತೀಯೇನು? ಏಳ್ಲಿ?" ಅಂತ ಕೇಳಿದ್ರು. ಅಂಗಡಿ ಮಂದಿ ಎಲ್ಲಾ ನಕ್ಕರು. ನಾನೂ ನಾಚಿಕಿ ಬಿಟ್ಟು, "ಜರಾ ಏಳ್ರಿ ಸಾವ್ಕಾರ್ರ" ಅಂದೆ.

೨. ಮಜಬೂತ್ ಕೆಲಸಾ

ಸಾವ್ಕಾರ್ರ ಹೊಸಾ ಮನಿಗಿ ಕೆಳಗಿನ ಮೀಟರಿಂದ ಛತ್ತಿನ ತನಕ ವೈರ್ ನಾ ಎಳೀಬೇಕು, ಸ್ವಿಚ್ಚೆಲ್ಲಾ ಆ ಮೊಬೈಲ್ ರಿಪೇರಿಯಾಂವ ಹಚ್ಚಬೇಕು ಅಂತ ಠರಾವ್ ಆತು. ಹಂಗಾದ್ರ ಆಯೇರಿ ಯಾರಿಗಿ? ನಾ ನೇರ ಸಾವ್ಕಾರ್ರ ಅವ್ವನ್ನೇ ಕೇಳ್ದೆ. ಆ ಮನ್ಯಾಗ ಮಾತು ಆಕೀದ ನಡೀತದ. ಆಕಿ, "ಕರೆಂಟಿನ ಕೆಲಸಕ್ಕ ಒಂದ ಆಯೇರಿ. ದೀಪಾ ಯಾರು ಹಚ್ಚತಾರ ಅವರಿಗಿ" ಅಂದಳು. ಸಾವ್ಕಾರ್ರಿಗಿ ನನ್ನ ಮಾರಿ ನೋಡಿ ಮರುಕ ಬಂತೇನೋ, ನೀನೂ ನಾಕು ಮನಿಗಿ ಈ ಸ್ವಿಚ್ಚು ಹಚ್ಚಿ ತೋರಸು, ಕೆಲಸಾ ಛಲೋ ಆದ್ರ ಕಾರ್ತೀಕದಾಗ ಶಾಂತಿ ಹೊತ್ತಿಗಿ ವಿಚಾರ ಮಾಡೂಣು ಅಂದ್ರು.

ಮರುದಿನಾನ ಕಲಬುರಗಿಗಿ ಹೋಗಿ ಒಂದು ಡಜನ್ ತಂದೆ. ಮೊದಲಿನ ಗಿರಾಕಿ ಸುರಪುರದ ಒಬ್ರು ಮಾಸ್ತರು. ಮನಿಗಿ ಬಣ್ಣಾ ಹೊಡಿಸಿ ಎಂಟ ದಿನ ಆಗಿತ್ತು. ಗ್ವಾಡಿಗಿ ಒಂದು ಗೀರು ಬೀಳಬಾರದು, ಅದಕ್ಕಂತನ ವೈರ್ ಇಲ್ಲದ್ದು ಹಾಕಸಾಕತ್ತೀನಿ ಅಂತ ಎರಡೆರಡು ಸರ್ತಿ ಹೇಳಿ ಅವರು ಸಾಲಿಗಿ ಹೋದ್ರು.

ಛತ್ತಿನಾಗ ಡಬ್ಬಿ ಕೂಡ್ರಸಿದೆ. ಈ ಸ್ವಿಚ್ಚಿನ ಮಾತು ಆ ಡಬ್ಬಿ ಕೇಳೋವಂಗ ಎರಡರದೂ ಜೋಡಿ ಕೂಡಿಸಿದೆ. ದೀಪಾ ಹತ್ತಿತು. ಇನ್ನ ಉಳದಿದ್ದು ಗೋಂದಿನ ಪಟ್ಟಿ ಹಚ್ಚಿ ಗ್ವಾಡಿಗಿ ಅಂಟಿಸೋದು, ಅಷ್ಟ. ಆದ್ರ ಸ್ವಿಚ್ಚು ಗ್ವಾಡಿಗಿ ಹಿಡದು ನೋಡಿದ್ರ ನನ್ನ ಮನಸ್ಸು ಒಪ್ಪವಲ್ದು. ಕ್ಯಾಲೆಂಡರ್ ಅಂಟಿಸಿದಂಗ ಸ್ವಿಚ್ಚು ಅಂಟಿಸೋದು ಒಂದು ಕೆಲಸೇನು? ನಾಳೆ ಆ ರಿಪೇರಿಯಾಂವ ನೋಡಿದ್ರ ಅಣ್ಣಾರು ನಂದ ನಕಲು ಹೊಡದಾರ ಅಂತಾನ. ನನ್ನ ಕೆಲಸಾ ಅವನಕಿಂತ ಮಜಬೂತ್ ಕಾಣಬೇಕು. ಇಪ್ಪತ್ತಾರು ವರ್ಷದ ಕೈ ತಾನಾಗೇ ಚೀಲದೊಳಗ ಹೋಗಿ ಉಳಿ ಸುತ್ತಗಿ ತಗೀತು.

ಮೊದಲ ಬರೇ ಬಾಕ್ಸ್ ಕೂಡೋವಷ್ಟು ಒಡದೆ. ಬಾಕ್ಸ್ ಕೂಡಿಸಿದ ಮ್ಯಾಲ ಅದು ಒಬ್ಬಂಟಿ ಕಾಣಸಾಕತ್ತಿತು, ಬಾಕ್ಸಿಗಿ ಪೈಪ್ ಇರಬೇಕಲ್ಲ. ಅದಕ್ಕ ಛತ್ತಿನ ತನಕ ಕಾಲವಿ ತಗದು ಪೈಪ್ ಇಟ್ಟು, ಸಿಮಿಂಟ್ ಹಚ್ಚಿ, ನೀರು ಚಿಮಕಿಸಿ ನುಣ್ಣಗ ಮಾಡಿ ನಿಂತೆ. ಸಂಜಿ ಐದಕ್ಕ ಮಾಸ್ತರು ಬಂದ್ರು. ಗ್ವಾಡಿ ಮ್ಯಾಲಿನ ಹಸಿ ಸಿಮಿಂಟ್ ಬಟ್ಟಿನಿಂದ ಮುಟ್ಟಿ ನೋಡಿದ್ರು.

"ಮೇಸ್ತ್ರಿ, ಇದು ವೈರ್ ಇಲ್ಲದ ಸ್ವಿಚ್ಚು ಹೌದಲ್ಲೋ?"

"ಹೌದ್ರಿ."

"ಮತ್ತ ಆ ಪೈಪಿನಾಗ ಏನದ?"

"ಏನೂ ಇಲ್ರಿ ಸರ್. ಮುಂದ ಬೇಕಾದ್ರ ಇರ್ಲಿ ಅಂತ ಹಾಕೇನ್ರಿ."

ಸುದ್ದಿ ನನಗಿಂತ ಮೊದಲ ಶಹಾಪುರ ಮುಟ್ಟಿತು. ರಿಪೇರಿಯಾಂವ ಚಹಾದಂಗಡ್ಯಾಗ ಸಿಕ್ಕು, ನಗಲಾರದ, "ಅಣ್ಣಾರ, ಸುರಪುರದ ಕೆಲಸಾ ಭಾಳ ಮಜಬೂತ್ ಆಗ್ಯಾದಂತಲ್ರಿ" ಅಂದ. ಅಂವಾ ನಕ್ಕಿದ್ರ ಅಷ್ಟು ಹತ್ತತಿರಲಿಲ್ಲ. ಮಾಸ್ತರು ಗ್ವಾಡಿಗಿ ಮತ್ತ ಬಣ್ಣಾ ಹೊಡಿಸಿದ್ರು. ಇವತ್ತಿಗೂ ಅವರ ಮನಿಗಿ ಯಾರರೆ ಬಂದ್ರ ಆ ಗ್ವಾಡಿ ಮುಂದ ನಿಂದ್ರಸಿ, "ಇದರೊಳಗ ಒಂದು ಪೈಪ್ ಅದ, ಅದರೊಳಗ ಏನೂ ಇಲ್ಲ" ಅಂತ ತೋರಸ್ತಾರ.

೩. ಜಗಲಿ ಮ್ಯಾಲಿನ ಏಳು ಸ್ವಿಚ್ಚು

ಬೋನಾಳದಾಗ ಒಬ್ರು ಗೌಡರ ಮನಿ. ಆ ಮನಿ ಮೊದಲಿನ ವೈರಿಂಗ್ ನಂದು, ಇಪ್ಪತ್ತು ವರ್ಷದ ಹಿಂದಿಂದು. ಹೋದ ವರ್ಷ ಆಜೂಬಾಜೂ ಹೊಸಾ ಖೋಲಿ ಹಾಕಿಸಿದಾಗ ರಿಪೇರಿಯಾಂವ ಹೋಗಿ ಏಳು ಸ್ವಿಚ್ಚು ಅಂಟಿಸಿ ಬಂದಿದ್ದ. ನನಗ ಒಂದು ಫೋನೂ ಇಲ್ಲ. ಆದ್ರ ಮೋಟಾರಿನ ಸ್ಟಾರ್ಟರ್ ಕೆಟ್ಟಾಗ ಮಾತ್ರ ನನ್ನ ನೆನಪಾಗಿ ಕರದ್ರು. ಅವತ್ತು ಆಯುಧ ಪೂಜಾದ ಮರುದಿನ.

ಕೈಕಾಲು ತೊಳಕೊಂಡು ಒಳಗ ಹೋಗಿ ದೇವರ ಜಗಲಿ ನೋಡಿದೆ. ಕುಡಗೋಲು, ಕೊಡಲಿ, ಪಾನಾ, ಟ್ರ್ಯಾಕ್ಟರಿನ ಕೀಲಿ, ಅವುಗಳ ಸಾಲಿನಾಗ ಏಳು ಬಿಳಿ ಸ್ವಿಚ್ಚು. ಒಂದೊಂದಕ್ಕ ಮೂರು ಬಟ್ಟಿನ ಇಬತ್ತಿ, ನಡುವ ಕುಂಕುಮ, ಮ್ಯಾಲೊಂದು ಚಂಡ ಹೂ. ಗ್ವಾಡಿಯಿಂದ ಕಿತ್ತಾಕ ಬರ್ತಾವ ಅಂದ ಮ್ಯಾಲ ಅವೂ ಸಾಮಾನಾನ ಅಂತ ಗೌಡರ ಅವ್ವ ಎಲ್ಲಾ ಕಿತ್ತಿಸಿ ಪೂಜಾಕ್ಕ ಇಟ್ಟಿದ್ದಳು. ಯಾವ ಸ್ವಿಚ್ಚು ಯಾವ ಖೋಲೀದು ಅಂತ ಒಬ್ಬರೂ ಗುರ್ತು ಮಾಡಿ ಇಟ್ಟಿರಲಿಲ್ಲ.

ನನಗ ಹಾಲು ಕುಡದಷ್ಟು ಖುಷಿ ಆತು. ಸ್ಟಾರ್ಟರ್ ಬದಿಗಿಟ್ಟು, ಮಜಾ ನೋಡಾಕ ಪಡಸಾಲ್ಯಾಗ ಕುಂತೆ. ಗೌಡರು ಜಗಲಿ ಮುಂದ ಕುಂತು ಒಂದೊಂದ ಸ್ವಿಚ್ಚು ಒತ್ತೋದು, ಸೊಸಿ ಅಡಗಿ ಮನಿಯಿಂದ ಇಲ್ಲಿ ಹತ್ತಲಿಲ್ರಿ ಅನ್ನೋದು, ಹಿತ್ತಲಿಂದ ಆಳುಮನಷ್ಯಾ ಇಲ್ಲೂ ಇಲ್ರಿ ಅನ್ನೋದು. ಅಡಗಿ ಮನೀದು ಅಂತ ಖಾತ್ರಿ ಮಾಡಿ ಒತ್ತಿದ್ದು ದನದ ಕೊಟ್ಟಿಗ್ಯಾಗ ಹತ್ತಿತು. ಎಮ್ಮಿ ಹಿಂಡೋ ಹೊತ್ತಾತು ಅಂತ ತಿಳದು ಎದ್ದು ನಿಂತು ಒದರಾಕತ್ತಿತು. ಬಚ್ಚಲದಾಗ ಜಳಕಾ ಮಾಡಾಕ ಹೋದ ಬೀಗರು ಒಬ್ರು ಕತ್ತಲಿ ಬೆಳಕಿನಾಗ ಸಿಕ್ಕು, ಯಾರದು ಯಾರದು ಅಂತ ಕೇಳಕೋತನ ಇದ್ರು.

ಇನ್ನ ರಿಪೇರಿಯಾಂವನ ಕಥಿ ಮುಗೀತು, ಈ ಸುದ್ದಿ ಸಾವ್ಕಾರ್ರ ಅವ್ವಗ ಮುಟ್ಟಸೋದೊಂದು ಬಾಕಿ ಅಂತ ನಾ ಮನಸ್ಸಿನಾಗ ಮಂಡಿಗಿ ಮೆಲ್ಲಾಕತ್ತಿದ್ದೆ. ಮಾರಿ ಮಾತ್ರ ಸಣ್ಣದು ಮಾಡ್ಕೊಂಡು, "ಅಂಟಿಸಿದ್ದು ಅಂದ್ರ ಹಿಂಗ ನೋಡ್ರಿ. ನಾ ಹಚ್ಚಿದ್ದು ಇಪ್ಪತ್ತು ವರ್ಷ ಆತು, ಒಂದರೆ ಜಾಗಾ ಬಿಟ್ಟು ಅಳ್ಳಾಡ್ಯಾವೇನ್ರಿ?" ಅಂದೆ.

ಗೌಡರ ಅವ್ವ ನನ್ನ ಕಡಿ ತಿರುಗಿ ನೋಡಿದಳು. "ಅದ ತಮ್ಮಾ ನಾನೂ ಹೇಳೋದು. ನೀ ಹಚ್ಚಿದ್ದು ಇಪ್ಪತ್ತು ವರ್ಷ ಗ್ವಾಡ್ಯಾಗ ಕುಂತಾವ. ಒಂದು ವರ್ಷರೆ ದೇವರ ಮುಂದ ಬಂದಾವೇನು?"

ಆಮ್ಯಾಲ ಒಂದು ಡಬ್ಬಿ ತುಂಬ ಹೋಳಿಗಿ ಕಟ್ಟಿ ನನ್ನ ಕೈಯಾಗ ಕೊಟ್ಟಳು. ನನಗಂತ ತಿಳದು ಕೈ ಮುಗದೆ. ಆಕಿ, ಶಹಾಪುರಕ್ಕ ಹೊಂಟೀಯಲ್ಲ, ಆ ಸ್ವಿಚ್ಚು ಹಚ್ಚಿದ ಹುಡುಗಗ ಮುಟ್ಟಸು ಅಂದಳು. ದಾರ್ಯಾಗ ಗಾಡಿ ನಿಂದ್ರಸಿ ಎರಡು ಹೋಳಿಗಿ ನಾನ ತಿಂದೆ. ಮ್ಯಾಲ ತುಪ್ಪಾ ಸುರದಿದ್ರು, ಹೊಟ್ಟ್ಯಾಗಿನ ಉರಿ ಇನ್ನಷ್ಟು ಹತ್ತಿತು.

೪. ಇಬ್ಬರು ನೆರಮನಿಯವರು

ಭೀಮರಾಯನಗುಡಿ ಕ್ವಾರ್ಟರ್ಸಿನಾಗ ಒಬ್ಬ ಕ್ಲಾರ್ಕನ ಮನಿಗಿ ನಾ ಸ್ವಿಚ್ಚು ಹಚ್ಚಾಕ ಹೋದೆ. ಬಾಗಲದ ಹೊರಗಿನ ದೀಪಕ್ಕ ಒಂದ ಬೇಕಾಗಿತ್ತು. ಈ ಸರ್ತಿ ಉಳಿ ಸುತ್ತಗಿ ಮನ್ಯಾಗ ಬಿಟ್ಟು ಹೋಗಿದ್ದೆ. ಕೆಲಸಾ ನಡದಾಗ ಬಾಜೂ ಮನೀ ಬಾಯಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, ಅವರಿಗಿ ಹಚ್ಚಿದ್ದ ನಮಗೂ ಹಚ್ಚರಿ, ಆದ್ರ ನಮಗ ಮೊದಲು ಅಂದಳು. ನನಗಿಂತ ಹೊಟ್ಟಿಕಿಚ್ಚಿನವರು ಊರಾಗ ಇದ್ದಾರ ಅಂತ ಅವತ್ತು ಜರಾ ಸಮಾಧಾನ ಆತು.

ಇಬ್ಬರಿಗೂ ಮೊದಲು ಆಗಬೇಕಂತ ಎರಡೂ ಮನೀ ಡಬ್ಬಿ ಒಂದ ಸರ್ತಿಗಿ ಚಾಲೂ ಮಾಡಿ ಸ್ವಿಚ್ಚು ಜೋಡಿ ಕೂಡಿಸಿದೆ. ಅಲ್ಲೇ ತಪ್ಪಿದ್ದು. ಎರಡೂ ಸ್ವಿಚ್ಚು ಎರಡೂ ಡಬ್ಬೀನ ಹಿಡಕೊಂಡ್ವು. ಅಂದ್ರ ಈ ಮನ್ಯಾಗ ಒತ್ತಿದ್ರ ಎರಡೂ ಮನೀ ದೀಪ ಹತ್ತಬೇಕು, ಆ ಮನ್ಯಾಗ ಒತ್ತಿದ್ರ ಎರಡೂ ಬಂದ್ ಆಗಬೇಕು. ನಾ ನೋಡಲಿಲ್ಲ, ಚಹಾ ಕುಡದು ಬಂದುಬಿಟ್ಟೆ.

ನೆರಮನೀ ಹೊರಗಿನ ದೀಪ ಕಿಡಕ್ಯಾಗ ಕಾಣತದ, ತಮ್ಮ ಬಾಗಲದ ಮ್ಯಾಲಿಂದು ಒಳಗ ಕುಂತವರಿಗಿ ಕಾಣಂಗಿಲ್ಲ. ಸಂಜಿ ಆತಂದ್ರ ಕ್ಲಾರ್ಕನ ಹೆಂಡ್ತಿ ಸ್ವಿಚ್ಚು ಒತ್ತಿ, ಮುತ್ತೈದಿ ಪದ್ಧತಿ ಪ್ರಕಾರ ದೀಪಕ್ಕ ಕೈ ಮುಗದು ಕಿಡಕ್ಯಾಗ ನೋಡ್ತಾಳ, ಬಾಜೂ ಮನೀ ದೀಪಾನೂ ಅದ ಗಳಿಗಿಗಿ ಹತ್ತೇದ. ಅರೆ, ನನ್ನ ನೋಡೇ ಕಾಯ್ಕೊಂಡು ಕುಂತಿರ್ತಾಳಲ್ಲ ಅಂತ ಈಕಿಗಿ ಸಿಟ್ಟು. ಐದು ಮಿನಿಟಿಗಿ ಬಾಜೂ ಮನೀ ಬಾಯಿ ತನ್ನ ದೀಪಾ ಹಚ್ಚಬೇಕಂತ ಒತ್ತತಾಳ, ಕ್ಲಾರ್ಕನ ಮನೀ ದೀಪ ಬಂದ್ ಆಗ್ತದ. ನಾ ಹಚ್ಚಿದ ಕೂಡ್ಲೆ ಆಕಿ ತನ್ನ ದೀಪ ಬಂದ್ ಮಾಡ್ತಾಳ, ನನ್ನ ಮನೀ ಬೆಳಕು ಸೈಸವಲ್ದು ಆಕಿಗಿ ಅಂತ ಬಾಜೂ ಬಾಯಿಗಿ ಸಿಟ್ಟು. ಹದಿನೈದು ದಿನಾ ಇಬ್ಬರೂ ಮಾತು ಬಿಟ್ರು. ಬಟ್ಟಲದಾಗಿನ ಪಲ್ಯ ಕೊಟ್ಟು ತಗೊಳ್ಳೋದು ನಿಂತು ಗಂಡಸರು ಸೊರಗಿದ್ರು.

ಕ್ಲಾರ್ಕ ನನಗ ಫೋನ್ ಮಾಡಿ ತಕರಾರು ಹೇಳಿದಾಗ ನನಗ ತಪ್ಪು ಹೊಳೀತು. ಯಾರಿಗೂ ಹೇಳಲಾರದ, ಗೋಂದು ಗಟ್ಟಿ ಮಾಡಾಕ ಬಂದೀನಂತ ಸುಳ್ಳು ಹೇಳಿ, ಎರಡೂ ಬ್ಯಾರೆ ಬ್ಯಾರೆ ಮಾಡಿ ಬಂದೆ. ಇನ್ನ ಸಾಫ್ ಆತು, ಈ ಎರಡು ಮನಿ ಹೆಸರು ಸಾವ್ಕಾರ್ರಿಗಿ ಹೇಳಬೋದು ಅಂತ ಅಂದ್ಕೊಂಡೆ.

ನಾಕು ದಿನಕ್ಕ ಬಾಜೂ ಮನೀ ಬಾಯಿ ಸಂತ್ಯಾಗ ಸಿಕ್ಕಳು. ಈಗ ಹೆಂಗದ್ರಿ ಅಂತ ಕೇಳ್ದೆ. ಮೊದಲಿಗಿಂತ ಖೊಟ್ಟಿ ಅಂದಳು. "ಈಗ ನಾ ದೀಪಾ ಹಚ್ಚಿದ್ರೂ ಆಕಿ ಎದ್ದು ಸೈತ ನೋಡಂಗಿಲ್ರಿ. ಎಷ್ಟು ಸೊಕ್ಕು ಬಂದಾದ ನೋಡ್ರಿ ಆಕಿಗಿ."

೫. ಝುಮ್ಮರು

ಕಾರ್ತೀಕದಾಗ ಸಾವ್ಕಾರ್ರ ಮನಿ ಶಾಂತಿ ಗೊತ್ತಾತು. ಕರೀಲಾಕ ಬಂದವರು ಹೇಳಿಹೋದ್ರು: ಮನೀ ದೀಪಾ ಎಲ್ಲಾ ರಿಪೇರಿಯಾಂವ ಹಚ್ಚ್ಯಾನ, ಆಯೇರಿ ಅವನಿಗೇ ಅಂತ ಸಾವ್ಕಾರ್ರ ಅವ್ವಾರು ಅಂದಾರ, ನೀವು ಊಟಕ್ಕ ಬರ್ರಿ. ನನ್ನ ಹೆಂಡ್ತಿ ಹೊಲಿಸಿ ತಂದ ಹಸರು ಜಂಪರ್ ಮಡಚಿ ಟ್ರಂಕಿನಾಗ ಇಟ್ಟಳು.

ಈಗ ಹೇಳೋದನ್ನ ಹೇಳಬಾರದು, ಆದ್ರ ಹೇಳ್ತೀನಿ. ಶಾಂತಿ ಹಿಂದಿನ ದಿನ ಕಡೀ ವೈರ್ ಜೋಡಸಾಕ ನಾ ಆ ಮನ್ಯಾಗ ಇದ್ದೆ. ಪಡಸಾಲಿ ನಡುವ ಹೈದರಾಬಾದಿಂದ ತರಿಸಿದ ದೊಡ್ಡ ಝುಮ್ಮರ್, ಗಾಜಿನ ಗೊಂಚಲ ದೀಪಾ. ಅದರ ಹಂತ್ಯಾಕನ ಏಣಿ ಇತ್ತು. ಯಾರೂ ಇರಲಿಲ್ಲ. ನನ್ನ ಚೀಲದಾಗ ಒಂದು ಸ್ವಿಚ್ಚು ಉಳದಿತ್ತು. ಮ್ಯಾಲ ಹತ್ತಿ ಅದನ್ನ ಝುಮ್ಮರಿನ ಡಬ್ಬಿಗಿ ಜೋಡಿ ಕೂಡಿಸಿದೆ. ಕೆಳಗಿಳದು ಜುಬ್ಬಾದ ಕಿಸೆದಾಗ ಹಾಕ್ಕೊಂಡು ಮನಿಗಿ ಬಂದೆ.

ಮರುದಿನ ಪಡಸಾಲಿ ತುಂಬ ಮಂದಿ. ಸ್ವಾಮ್ಯಾರ ಪೂಜಾ ಮುಗದು ಆಯೇರಿ ಸುರು ಆತು. ಗೌಂಡಿ ಆತು, ಬಡಿಗ್ಯಾ ಆತು. ಆಮ್ಯಾಲ ರಿಪೇರಿಯಾಂವ ಹೆಂಡ್ತಿನ್ನ ಕರ್ಕೊಂಡು ಮಣಿ ಮ್ಯಾಲ ಕುಂತ. ಆ ಹುಡುಗಿ ನಾಚಿ ತಲಿ ಮ್ಯಾಲಿನ ಸೆರಗು ನಾಕು ಸರ್ತಿ ಸರಿ ಮಾಡ್ಕೊಂಡಳು. ನನ್ನ ಬಾಜೂಕ ಕುಂತ ನನ್ನ ಹೆಂಡ್ತಿ ಆ ಮಣಿ ಕಡೇನ ನೋಡಾಕತ್ತಿದ್ದಳು.

ಸಾವ್ಕಾರ್ರು, ದೀಪಾ ಹಚ್ಚಿ ತೋರಸಪ್ಪ, ಆಮ್ಯಾಲ ಧೋತರ ಅಂದ್ರು. ಅಂವಾ ಕೈಯಾಗಿನ ಸ್ವಿಚ್ಚು ಒತ್ತಿದ. ಝುಮ್ಮರ್ ಝಗ್ ಅಂತ ಹತ್ತಿತು. ಮಂದಿ ವ್ಹಾ ಅಂದ್ರು. ನಾ ಕಿಸೆದಾಗ ಕೈ ಹಾಕಿ ಒತ್ತಿದೆ. ಬಂದ್ ಆತು.

ಅಂವಾ ಮತ್ತ ಹಚ್ಚಿದ. ನಾ ಮತ್ತ ಬಂದ್ ಮಾಡ್ದೆ. ಅಂವಾ ಸ್ವಿಚ್ಚು ಝಾಡಿಸಿ ನೋಡಿದ, ಊದಿ ನೋಡಿದ, ಒರಸಿ ಒತ್ತಿದ. ಹತ್ತಿತು. ಧೋತರ ಹಿಡಕೊಂಡು ಸಾವ್ಕಾರ್ರು ಒಂದು ಹೆಜ್ಜಿ ಮುಂದ ಇಟ್ರು, ನಾ ಒತ್ತಿದೆ. ಹೊಸಾ ಮನ್ಯಾಗ ದೀಪಾ ಹಿಂಗ ಹೋಗಬಾರದು ಅಂತ ಹಿರೇರು ಗುಸುಗುಸು ಸುರು ಮಾಡಿದ್ರು. ರಿಪೇರಿಯಾಂವನ ಅಂಗಿ ಬೆನ್ನು ತೊಯ್ದು ಹೋಗಿತ್ತು. ಅವನ ಹೆಂಡ್ತಿ ಕಣ್ಣಾಗ ನೀರು ಬಂದ್ವು. ನನ್ನ ಹೆಂಡ್ತಿ ಸೈತ, ಪಾಪ, ಯಾರ ಕಣ್ಣು ಬಿದ್ವೋ ಅಂದಳು. ಅಲ್ಲಿಗಿ ನಾ ಬಿಡಬೇಕಾಗಿತ್ತು. ಬಿಡಲಿಲ್ಲ, ಇನ್ನೊಂದು ಸರ್ತಿ ಒತ್ತಿದೆ.

ಸಾವ್ಕಾರ್ರ ಅವ್ವ ನನ್ನ ಹಿಂದ ಕುರ್ಚಿ ಹಾಕ್ಕೊಂಡು ಕುಂತಿದ್ದು ನಾ ನೋಡಿರಲಿಲ್ಲ. ವಯಸ್ಸು ಎಂಬತ್ತು ದಾಟೇದ, ಬಾಯಾಗ ಒಂದು ಹಲ್ಲಿಲ್ಲ, ಕಣ್ಣು ಮಾತ್ರ ಹರೇದಾಗಿನವ ಅವ. ದೀಪಾ ಹೋದಾಗೊಮ್ಮಿ ನನ್ನ ಜುಬ್ಬಾದ ಕಿಸೆ ಅಳ್ಳಾಡೋದನ್ನ ಆಕಿ ಎಷ್ಟ ಹೊತ್ತಿಂದ ನೋಡಾಕತ್ತಿದ್ದಳೋ ಶಿವನೇ ಬಲ್ಲ.

ಆಕಿ ಎದ್ದು ನಿಂತು ಮಂದಿ ಕೇಳೋವಂಗ ಅಂದಳು. "ಈ ಮೇಸ್ತ್ರಿನ್ನ ಮಣಿ ಮ್ಯಾಲ ಕುಂದ್ರಸದ ಈ ಮನ್ಯಾಗ ದೀಪಾ ನಿಂದ್ರಂಗಿಲ್ಲ. ಏಳೋ ತಮ್ಮಾ, ಹೆಂಡ್ತಿನ್ನೂ ಕರ್ಕೊಂಡು ಬಾ."

ಎಲ್ಲಾರ ಮುಂದ ಈಗ ಕಿಸೆ ಝಾಡಾ ಮಾಡ್ತಾಳ, ಇಪ್ಪತ್ತಾರು ವರ್ಷದ ಇಜ್ಜತ್ ಹೋತು ಅಂತ ತಿಳದು ಹೆಂಡ್ತಿನ್ನ ಕರ್ಕೊಂಡು ಹೋಗಿ ಕುಂತೆ. ಇನ್ನೊಂದು ಮಣಿ ಹಾಕಿಸಿ ನಮ್ಮಿಬ್ಬರನ್ನೂ ಅವರ ಬಾಜೂಕ ಕುಂದ್ರಸಿದಳು. ಕುಂಕುಮಾ ಹಚ್ಚಿದಳು. ಧೋತರ ಟವಲ್ ತಾನ ತಂದು, ಬಗ್ಗಿ ನನ್ನ ಮಡಲಿನಾಗ ಇಟ್ಟಳು. ಟವಲಿನ ಕೆಳಗ ಅಂಗೈ ಚಾಚಿ, ನನಗಷ್ಟ ಕೇಳೋವಂಗ, "ಕಿಸೆದಾಗಿಂದು ಇದರಾಗ ಹಾಕು" ಅಂದಳು.

ಹಾಕ್ದೆ. ಆಕಿ ಮುಟಗಿ ಮುಚ್ಚಿ ಸೆರಗಿನಾಗ ಇಟ್ಕೊಂಡಳು. ರಿಪೇರಿಯಾಂವ ಅಂಜಕೋತ ಸ್ವಿಚ್ಚು ಒತ್ತಿದ. ಝುಮ್ಮರ್ ಹತ್ತಿತು, ಮತ್ತ ಆರಲೇ ಇಲ್ಲ. ಪಡಸಾಲಿ ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ತಿದ್ರು. ಮೇಸ್ತ್ರಿ ಮಣಿ ಮ್ಯಾಲ ಕುಂತ ಕೂಡ್ಲೆ ದೀಪಾ ಸರಿ ಆತು, ಪಾನಾ ಸೈತ ಹಿಡೀಲಿಲ್ಲ ಅಂತ ಊರೆಲ್ಲಾ ಮಾತಾತು. ನನ್ನ ಹೆಂಡ್ತಿ ದಾರಿ ತುಂಬ ಸೀರಿ ಸವರಕೋತ ಬಂದಳು. ಸೀರಿ ಕೆಂಪಿತ್ತು, ಆದ್ರೂ ಆಕಿಗಿ ಚಿಂತಿ ಇರಲಿಲ್ಲ. ನಾ ಬಾಯಿ ಬಿಡಲಿಲ್ಲ.

ಎಂಟ ದಿನಕ್ಕ ಸಾವ್ಕಾರ್ರ ಫೋನ್ ಬಂತು. ಝುಮ್ಮರ್ ಮತ್ತ ಹತ್ತಿ ಬಂದ್ ಆಗಾಕತ್ತೇದ, ರಿಪೇರಿಯಾಂವ ಬಂದು ನೋಡಿದ್ರೂ ತಿಳೀವಲ್ದು, ನಿನ್ನನ್ನ ಕರಸು ಅಂತಾಳ ಅವ್ವ ಅಂದ್ರು. ಹೋದೆ. ಅವರ ಅವ್ವ ತನ್ನ ಖೋಲ್ಯಾಗ ಹಾಸಗಿ ಮ್ಯಾಲ ಕುಂತಿದ್ದಳು. ಒಂದು ಬಟ್ಟಲ ಅಡಕಿ, ಒಂದು ಹಿತ್ತಾಳಿ ಕುಟ್ಟಾಣಿ ನನ್ನ ಮುಂದ ಸರಿಸಿದಳು.

"ಸೊಸ್ತೇರು ಕುಟ್ಟಿದ್ದು ಸಣ್ಣಾಗಂಗಿಲ್ಲೋ ತಮ್ಮಾ. ನೀ ಇಪ್ಪತ್ತಾರು ವರ್ಷ ಗ್ವಾಡಿ ಕುಟ್ಟೀದಿ, ನಿನ್ನ ಕೈ ಪಳಗೇದ. ಕುಟ್ಟು."

ಒಂದು ತಾಸು ಕುಟ್ಟಿದೆ. ಆಕಿ ತನ್ನ ಮಾವ ಕುದುರಿ ಮ್ಯಾಲ ನಾರಾಯಣಪುರಕ್ಕ ಹೋದ ಸುದ್ದಿ ಹೇಳಿದಳು. ಅಡಕಿ ನುಣ್ಣಗಾದ ಮ್ಯಾಲ ಬೆರಳಿನಾಗ ತಿಕ್ಕಿ ನೋಡಿ, ತಲಿದಿಂಬಿನ ಕೆಳಗ ಕೈ ಹಾಕಿ ಒಮ್ಮಿ ಒತ್ತಿದಳು. ಪಡಸಾಲ್ಯಾಗ ಝುಮ್ಮರ್ ಹತ್ತಿ ನಿಂತಿತು. ಅಲ್ಲಿಂದ ಸಾವ್ಕಾರ್ರು, ಸರಿ ಆತು ನೋಡ್ರಿ, ಎಂಥಾ ಮೇಸ್ತ್ರಿ ಇಂವಾ ಅಂದ್ರು.

ಅಂದಿನಿಂದ ಅಡಕಿ ತೀರಿದಾಗೊಮ್ಮಿ ಆ ಮನೀ ಝುಮ್ಮರ್ ಕೆಡತದ. ಇಲ್ಲಿ ತನಕ ಒಂಬತ್ತು ಸರ್ತಿ ಹೋಗಿ ಬಂದೇನಿ.

ಮೊನ್ನಿ ಚಹಾದಂಗಡ್ಯಾಗ ರಿಪೇರಿಯಾಂವ ಸಿಕ್ಕ. ಈ ಸರ್ತಿ ಚಹಾ ಕುಡೀರಿ ಅನಲಿಲ್ಲ. ಬಶಿ ತಿರುವಕೋತ ಕುಂತಾಂವ ತಡಕೊಳ್ಳಲಾರದ ಕೇಳೇಬಿಟ್ಟ. "ಅಣ್ಣಾರ, ಹಚ್ಚಿದಾಂವ ನಾನು. ಒಂಬತ್ತು ಸರ್ತಿ ನಿಮ್ಮನ್ನ ಕರಸ್ಯಾರ, ನನಗ ಒಂದು ಫೋನಿಲ್ಲ. ಅಂಥಾದ್ದು ಏನ್ ಮಾಡ್ತೀರಿ ನೀವು ಒಳಗ ಹೋಗಿ?"

ಅವನ ಮಾರಿ ನೋಡಿದೆ. ಆ ಉರಿ ನನಗ ಛಲೋ ಗುರ್ತಿಂದು, ಒಂದು ವರ್ಷ ನನ್ನ ಹೊಟ್ಟ್ಯಾಗನ ಮನಿ ಮಾಡ್ಕೊಂಡಿತ್ತು. ಖರೇ ಹೇಳಿ ಬಿಡೂಣು ಅಂತ ಒಂದು ಗಳಿಗಿ ಅನಿಸಿತು.

"ಏನಿಲ್ಲಪ್ಪ, ಎಲ್ಲಾ ಕೈಗುಣ" ಅಂದು, ಅಡಕಿ ಕುಟ್ಟಿ ಬೊಬ್ಬಿ ಎದ್ದಿದ್ದ ಅಂಗೈ ಕಿಸೆದಾಗ ಇಟ್ಕೊಂಡು ಎದ್ದು ಬಂದೆ.